ಸೊಪ್ಪು ಮುರಿಯುವ ಸದ್ದು

ಕಾಡಿಗೆ ಹೋದರೆ ಮನಸ್ಸಿಗೆ ಶಾಂತಿ ಸಿಗುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈಗಂತೂ ಮೊಬೈಲ್ ತೆರೆದರೆ ಸಾಕು, ಟೋಪಿ ಹಾಕಿಕೊಂಡವರು ಯಾವುದೋ ಮರ ತಬ್ಬಿಕೊಂಡು ಕಣ್ಣು ಮುಚ್ಚಿ ನಿಂತಿರುತ್ತಾರೆ. ನಾನು ಹುಟ್ಟಿದ್ದು ಬಂಡಳ್ಳಿಯಲ್ಲಿ, ಕೊಟ್ಟಿದ್ದು ಮಾಂಬಳ್ಳಿಗೆ. ನೌಕರಿಯ ಉದ್ದಕ್ಕೂ ನರ್ಸಾಗಿದ್ದು ಹಂದಿ ಸೀಳಿದ ತೊಡೆ, ಕರಡಿ ಕಿತ್ತ ಮುಖ ಎಲ್ಲವನ್ನೂ ತೊಳೆದು ಕಟ್ಟಿದ್ದೇನೆ. ಕಾಡಿನಲ್ಲಿ ಶಾಂತಿ ಇರುವುದು ಹೊಟ್ಟೆ ತುಂಬಿದ ಪ್ರಾಣಿಗೆ ಮಾತ್ರ, ಅದೂ ಮತ್ತೆ ಹಸಿವಾಗುವ ತನಕ.

ಆದರೂ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ನಾವು ತವರು ಮನೆಯವರೆಲ್ಲ ರಾಮಾಪುರದ ಆಚೆಗಿನ ಕಾಡಿನಲ್ಲಿ ಒಂದು ಸುತ್ತು ನಡೆದು ಬರುತ್ತೇವೆ. ಸುಲಭದ ದಾರಿ. ಹೆಚ್ಚು ಏರಿಲ್ಲ, ಜಾರಿಲ್ಲ, ಬಸುರಿಯರೂ ಮುದುಕಿಯರೂ ನಡೆದಿದ್ದಾರೆ. ಕುರುಚಲು ಕಾಡಿನಿಂದ ಹೊರಟು ಒಂದು ಕೆರೆ, ಅದರಾಚೆ ದೊಡ್ಡ ಮರಗಳ ಹಳ್ಳ, ಆಮೇಲೆ ಬಿದಿರು ಮೆಳೆ, ಬಂಡೆ, ಮತ್ತೆ ಹೊಲ. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ರಾಮಾಪುರದ ಬಸ್ ಸ್ಟಾಪಿನಲ್ಲಿರಬಹುದು.

ನಡೆಯುವುದು ಸೊಪ್ಪಿನಮ್ಮನಿಗಾಗಿ. ಬಿದಿರು ಮೆಳೆಯ ನಡುವೆ ಒಂದು ಕಲ್ಲುಗುಡ್ಡೆ ಇದೆ, ಅದೇ ಅಮ್ಮ. ಮೂರ್ತಿ ಇಲ್ಲ, ಗುಡಿ ಇಲ್ಲ, ಪೂಜಾರಿಯ ಕಾಟವೂ ಇಲ್ಲ. ಹೋದವರು ಒಂದು ಕಲ್ಲು, ಒಂದು ಹಸಿರು ಸೊಪ್ಪಿನ ಕಡ್ಡಿ ಹಾಕಿ ಕೈಮುಗಿಯುತ್ತಾರೆ. ಆ ಸೊಪ್ಪನ್ನು ಮನೆಯಿಂದ ತರುವ ಹಾಗಿಲ್ಲ, ಕತ್ತಿ ಕುಡುಗೋಲು ತಾಗಿಸುವ ಹಾಗಿಲ್ಲ. ಅಲ್ಲೇ ಸುತ್ತಮುತ್ತ ಇರುವ ಗಿಡದಿಂದ ಕೈಯಲ್ಲೇ ಮುರಿಯಬೇಕು. ಇನ್ನೊಂದು ಕಟ್ಟುಪಾಡು, ಹೋದ ದಾರಿಯಲ್ಲಿ ತಿರುಗಿ ಬರಬಾರದು. ಹೀಗಾಗಿಯೇ ಆ ದಾರಿ ಸುತ್ತಾಗಿದೆ. ಜನ ಬಂದ ದಿನ ಗುಡ್ಡೆಯ ಹತ್ತಿರ ಹೋಗುತ್ತಿದ್ದಂತೆ ಮೊದಲು ಕೇಳಿಸುವುದು ಸೊಪ್ಪು ಮುರಿಯುವ ಸದ್ದು. ಓ, ನಮಗಿಂತ ಮುಂಚೆ ಯಾರೋ ಬಂದಿದ್ದಾರೆ ಎಂದುಕೊಂಡು ನಾವೂ ಒಂದು ಕಡ್ಡಿಗೆ ಕೈ ಹಾಕುತ್ತೇವೆ.

ಹೋದ ವರ್ಷ ಹೊರಟದ್ದು ಮೂರೇ ಜನ, ನಾನು, ಅಣ್ಣ, ಅತ್ತಿಗೆ. ನಾನು ಮಾಂಬಳ್ಳಿಯಿಂದ ಕೊಳ್ಳೇಗಾಲಕ್ಕೆ ಬಂದು ಹನೂರಿನಲ್ಲಿ ಇಳಿದೆ. ಅವರಿಬ್ಬರೂ ಬಂಡಳ್ಳಿಯಿಂದ ಬಂದು ಅಲ್ಲಿ ಕಾಯುತ್ತಿದ್ದರು. ಅಲ್ಲಿಂದ ರಾಮಾಪುರದ ಬಸ್ಸು. ಅಣ್ಣ ಡ್ರೈವರನ ಹಿಂದೆ ಕುಳಿತು ಯಾರದೋ ಜೊತೆ ಜೋಳದ ಮಾತಾಡುತ್ತಿದ್ದ. ಅತ್ತಿಗೆ ನನ್ನ ಪಕ್ಕ ಕುಳಿತು ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

"ಈ ಸಲ ಅಮ್ಮನಿಗೆ ಸೊಪ್ಪಾಕ್ಬುಟ್ಟು ನಿನ್ ಜೊತೇಲೆ ಬಂದ್ಬುಡ್ತೀನಿ ಕಣವ್ವ. ಇನ್ ಬಂಡಳ್ಳಿಗೆ ಓಗಲ್ಲ."

ಅವರ ಕಿವಿಯ ಕೆಳಗೆ ನೀಲಿ ಗುರುತಿತ್ತು. ಸೆರಗು ಎಳೆದುಕೊಂಡಿದ್ದರೂ ನನ್ನಂಥವಳಿಗೆ ಕಾಣದೆ ಇರುತ್ತದೆಯೇ. ನನಗೆ ಬೇರೆ ಪ್ರಶ್ನೆ ಬೇಕಿರಲಿಲ್ಲ. "ಬಾ ಅತ್ತಿಗೆ, ಮನೆ ಇದೆ, ನಾನೊಬ್ಬಳೇ ಇದ್ದೀನಿ" ಎಂದೆ.

ಅಣ್ಣನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ದುಡಿಮೆಯಲ್ಲಿ ಅವನನ್ನು ಮೀರಿಸುವವರಿಲ್ಲ. ಕಲ್ಲು ಬೀಸುವುದರಲ್ಲಂತೂ ಇಲ್ಲವೇ ಇಲ್ಲ. ಚಿಕ್ಕಂದಿನಿಂದ ಹಂದಿ, ಗಿಣಿ, ಕೋತಿಗಳಿಂದ ಹೊಲ ಕಾದ ಕೈ ಅದು. ಅದೇ ಕೈ ಅತ್ತಿಗೆಯ ಮೇಲೂ ಬೀಳುತ್ತಿತ್ತು. ಕುಡಿದು ಅಲ್ಲ. ಹೆಂಡದ ಮೇಲೆ ತಪ್ಪು ಹೊರಿಸುವುದಕ್ಕೂ ಅವನು ದಾರಿ ಬಿಟ್ಟಿರಲಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೆ ಒಂದು, ಕರೆದಾಗ ಓಗೊಡುವುದು ತಡವಾದರೆ ಇನ್ನೊಂದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಊರು ಹೇಳಿತು. ಉಣ್ಣುವ ತಟ್ಟೆಯೇ ಹಣೆಗೆ ಬಿದ್ದರೆ ಉಣ್ಣುವುದೇನು, ಮಲಗುವುದು ಹೇಗೆ? ಮಗಳನ್ನು ದೂರಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ ತಡೆಯಲು ಮನೆಯಲ್ಲಿ ಯಾರೂ ಇರಲಿಲ್ಲ. ನಾನೊಮ್ಮೆ ಒನಕೆ ಎತ್ತಿ ಅವನ ಮೊಣಕಾಲಿಗೆ ಬಾರಿಸಿದ್ದೆ. ಅವನು ಕುಂಟುತ್ತಲೇ ಬಂದು ನನ್ನನ್ನು ಬಸ್ಸು ಹತ್ತಿಸಿ ಹೋದ. ತಂಗಿಯೆಂದರೆ ಅವನಿಗೆ ಪ್ರಾಣ. ಒಬ್ಬನೇ ಮನುಷ್ಯ ಎರಡೂ ಹೇಗಾಗಿದ್ದ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ರಾಮಾಪುರದಲ್ಲಿ ಇಳಿದು, ಹೊಲ ದಾಟಿ, ಆನೆ ಕಂದಕದ ಮೇಲಿನ ಮಣ್ಣಿನ ದಾರಿ ಹಿಡಿದು ಕುರುಚಲು ಕಾಡಿಗೆ ಬಂದೆವು. ಕಾರೆ ಮುಳ್ಳು, ಲಂಟಾನ, ಜಾಲಿ. ಬಿಸಿಲು ಇನ್ನೂ ಎಳೆಯದಾಗಿತ್ತು. ಒಂದು ಗಿಡುಗ ಲಂಟಾನದ ಮೇಲಿಂದ ಹಕ್ಕಿಯೊಂದನ್ನು ಎತ್ತಿಕೊಂಡು ಜಾಲಿ ಮರದ ಮೇಲೆ ಕುಳಿತು, ಅದು ಕಿರುಚುತ್ತಿರುವಾಗಲೇ ಎದೆಯ ಪುಕ್ಕ ಕಿತ್ತು ಉದುರಿಸತೊಡಗಿತು. ಪುಕ್ಕಗಳು ನಮ್ಮ ದಾರಿಯ ಮೇಲೆ ಬಿದ್ದವು. ಅತ್ತಿಗೆ ಅವನ್ನು ತುಳಿಯದೆ ಬಳಸಿಕೊಂಡು ನಡೆದರು.

ಕೆರೆ ಅರ್ಧ ಬತ್ತಿತ್ತು. ಕೆರೆಯಂಗಳದ ಹುಲ್ಲಿನಲ್ಲಿ ಸೀಳುನಾಯಿಗಳು ಒಂದು ಜಿಂಕೆಯನ್ನು ಹಿಡಿದಿದ್ದವು. ಹಿಡಿದಿದ್ದವು ಎಂದರೆ ಕೊಂದಿರಲಿಲ್ಲ. ಹುಲಿ ಚಿರತೆಗಳು ಕುತ್ತಿಗೆ ಹಿಡಿದು ಮೊದಲು ಜೀವ ತೆಗೆಯುತ್ತವೆ. ಸೀಳುನಾಯಿಗೆ ಅಷ್ಟು ವ್ಯವಧಾನವಿಲ್ಲ. ಜಿಂಕೆ ಕೆಸರಿನಲ್ಲಿ ನಿಂತೇ ಇತ್ತು, ಅವು ಹಿಂದಿನಿಂದ ತಿನ್ನುತ್ತಿದ್ದವು. ಒಂದು ಅದರ ಕರುಳಿನ ತುದಿ ಕಚ್ಚಿಕೊಂಡು ಹಿಂದಕ್ಕೆ ನಡೆಯುತ್ತಿತ್ತು. ನಾನು ಎಷ್ಟೋ ನೋಡಿದವಳು, ನಾನೇ ಮುಖ ತಿರುಗಿಸಿದೆ. ಅತ್ತಿಗೆ ಮಾತ್ರ ರೆಪ್ಪೆ ಬಡಿಯದೆ ನಿಂತಿದ್ದರು.

"ಅದಿನ್ನೂ ಉಸ್ರಾಡ್ತಾದೆ ಕಣವ್ವ" ಎಂದರು.

ಅಣ್ಣ ಅಷ್ಟರಲ್ಲಿ ಕಲ್ಲು ಆರಿಸಿಕೊಂಡಿದ್ದ. ಮೊದಲನೆಯದೇ ಒಂದು ನಾಯಿಯ ಪಕ್ಕೆಗೆ ಬಿತ್ತು, ಅದು ಕುಂಯ್ ಎಂದು ಎಗರಿತು. ಎರಡನೆಯದು ಇನ್ನೊಂದರ ಮೂತಿಗೆ. ಅವನಿಗೆ ಜಿಂಕೆಯ ಮೇಲೆ ಕನಿಕರವೇನೂ ಇರಲಿಲ್ಲ, ಗುರಿ ತಾಗುವುದು ಅವನಿಗೆ ಖುಷಿ. ನಕ್ಕು ಮೂರನೆಯದಕ್ಕೆ ಬಗ್ಗಿದಾಗ ಅತ್ತಿಗೆ, "ಬುಡಿ, ಬೇಗ ಮುಗಿಸ್ಕೊಳ್ಲಿ ಅವು" ಎಂದರು. ಅಷ್ಟೇ ಮಾತು.

"ನಂಗೆ ಬುದ್ಧಿ ಏಳ್ತಿಯೇನೇ?" ಎಂದವನು ಕೈಯಲ್ಲಿದ್ದ ಊರುಗೋಲಿನಿಂದ ಅವರ ಕಾಲಿಗೆ ಬೀಸಿದ. ಚಟ್ ಎಂದು ಮೂಳೆಗೆ ತಾಗಿದ ಸದ್ದು. ಅತ್ತಿಗೆ ಕುಕ್ಕರಿಸಿದರು, ಅಳಲಿಲ್ಲ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು. ಅವನ ಕೈಯಿಂದ ಕೋಲು ಕಿತ್ತು ಕೆಸರಿಗೆ ಎಸೆದೆ. "ನಾಯಿಗಿಂತ ಕಡೆ ಕಣೋ ನೀನು, ಅವು ಹಸ್ಕೊಂಡು ಕಚ್ತವೆ" ಎಂದೆ. ಅವನು ನನ್ನ ಮೇಲೆ ಕೈ ಎತ್ತಲಿಲ್ಲ. ಎಂದೂ ಎತ್ತಿದವನಲ್ಲ. ಉಗಿದು, ಟವೆಲು ಕೊಡವಿ, ನಮ್ಮಿಬ್ಬರನ್ನೂ ಬಿಟ್ಟು ದಾಪುಗಾಲು ಹಾಕಿಕೊಂಡು ಮುಂದೆ ಹೋಗಿಬಿಟ್ಟ.

ಅತ್ತಿಗೆಯ ಕಾಲು ನೋಡಿದೆ. ಮುರಿದಿರಲಿಲ್ಲ, ಊದಿಕೊಳ್ಳುತ್ತಿತ್ತು. ನನ್ನ ಕರ್ಚೀಫು ಒದ್ದೆ ಮಾಡಿ ಕಟ್ಟಿದೆ. ಇಬ್ಬರೂ ನಿಧಾನಕ್ಕೆ ಹಳ್ಳದ ಕಡೆ ನಡೆದೆವು. ಹೊಳೆಮತ್ತಿ ಮರಗಳ ಕೆಳಗೆ ತಂಪಿತ್ತು, ಗುಂಡಿಗಳಲ್ಲಿ ನೀರಿತ್ತು. ಅಣ್ಣ ಆಗ ದಾರಿ ಬಿಟ್ಟು ಕೆಳಗಿನ ಗುಂಡಿಯಲ್ಲಿ ಮುಖ ತೊಳೆಯಲು ಇಳಿದಿದ್ದನಂತೆ. ನಮಗೆ ಕಾಣಲಿಲ್ಲ. ಅವನನ್ನು ಹಿಂದಕ್ಕೆ ಬಿಟ್ಟು ನಾವು ಮುಂದೆ ಬಂದಿದ್ದೇವೆ ಎಂಬುದು ನಮಗೆ ತಿಳಿಯಲಿಲ್ಲ.

ಬಿದಿರು ಮೆಳೆ ಹತ್ತಿರವಾಯಿತು. ಕಲ್ಲುಗುಡ್ಡೆ ಕಾಣುತ್ತಿತ್ತು, ಅದರ ಹಿಂದಿನ ವರ್ಷದ ಸೊಪ್ಪು ಒಣಗಿ ಅದರ ಮೇಲೆ ಬಿದ್ದಿತ್ತು. ಗುಡ್ಡೆಯ ಆಚೆ, ಮೆಳೆಯ ಹಿಂದೆ, ಸೊಪ್ಪು ಮುರಿಯುವ ಸದ್ದು ಬಂತು. ಪಟ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪಟ್.

"ನೋಡು, ನಿಮ್ಮಣ್ಣ ಮುಂಚೇನೆ ಬಂದು ಸೊಪ್ಪು ಮುರೀತಾವ್ರೆ" ಎಂದರು ಅತ್ತಿಗೆ.

ಬೇರೆ ಊರಿನವರಾಗಿದ್ದರೆ ಬಿದಿರು ಮೆಳೆಯೊಳಗೆ ಕೊಂಬೆ ಮುರಿದ ಸದ್ದು ಕೇಳಿದೊಡನೆ ಬಂದ ಕಾಲಲ್ಲೇ ಓಡುತ್ತಿದ್ದರು. ನಾವೂ ಬೇರೆ ಎಲ್ಲಿದ್ದರೂ ಓಡುತ್ತಿದ್ದೆವು. ಕೊಂಬೆ ಮುರಿಯಿತೆಂದರೆ ಆನೆ, ಇದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೆ ಆ ಒಂದು ಜಾಗದಲ್ಲಿ ಮಾತ್ರ ಆ ಸದ್ದು ನಮಗೆ ಮನುಷ್ಯರ ಸದ್ದು, ದೇವರ ಕೆಲಸದ ಸದ್ದು. ಹುಟ್ಟಿದಾಗಿನಿಂದ ಕಿವಿಗೆ ಅದೇ ರೂಢಿ. ಇನ್ನೂ ಸಿಟ್ಟು ಆರದಿದ್ದ ನಾನು ಗುಡ್ಡೆಯ ಹತ್ತಿರವೇ ಹೋಗಿ ಗಂಟಲು ಬಿಟ್ಟು ಕೂಗಿದೆ:

"ಒಂದ್ ಕಡ್ಡಿ ಸಾಕು ಕಣಣ್ಣ. ಮರಾನೇ ಯಾಕ್ ಮುರೀತಿಯ? ಅಮ್ಮ ಏನು ಆಡು ಸಾಕವ್ಳಾ?"

ಸದ್ದು ನಿಂತಿತು.

ಅಣ್ಣನಾಗಿದ್ದರೆ ಅಷ್ಟು ಹೊತ್ತಿಗೆ ಒಂದು ಬೈಗುಳ ವಾಪಸ್ಸು ಬರಬೇಕಿತ್ತು. ಬರಲಿಲ್ಲ. ಅತ್ತಿಗೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ತಿಳಿಯಿತು.

ಒಂಟಿ ಸಲಗ. ಬಿದಿರನ್ನು ಬಗೆದುಕೊಂಡು ಬಂದಾಗ ಅದರ ಬಾಯಲ್ಲಿ ಇನ್ನೂ ಸೊಪ್ಪಿತ್ತು. ನಾನು ಓಡಿದೆ. ಹೇಗೆ ಓಡಿದೆನೋ, ಒಂದು ಮತ್ತಿ ಮರದ ಬೊಡ್ಡೆಯ ಹಿಂದೆ ಬಿದ್ದೆ. ಅತ್ತಿಗೆಗೆ ಓಡಲಾಗಲಿಲ್ಲ. ಊದಿದ ಕಾಲು ಮಡಚಿ ಗುಡ್ಡೆಯ ಬುಡದಲ್ಲೇ ಬಿದ್ದರು. ಆನೆ ಅವರ ಮೇಲೆ ಬಂದು ನಿಂತಿತು. ಸೊಂಡಿಲಿನಿಂದ ಅವರ ಸೆರಗು ಹಿಡಿದು ಎಳೆಯಿತು, ಸೀರೆ ಬಿಚ್ಚಿಕೊಂಡು ಹೋಯಿತು, ಅವರು ಉರುಳಿ ಕಲ್ಲುಗಳ ಮಗ್ಗುಲಿಗೆ ಅಂಟಿಕೊಂಡರು. ಸೀರೆಯನ್ನು ಕಾಲಡಿ ಹಾಕಿ ಅದು ತುಳಿಯತೊಡಗಿತು. ಮನುಷ್ಯರನ್ನು ತುಳಿಯುವ ಹಾಗೆಯೇ ಅದನ್ನು ತುಳಿಯುತ್ತಿತ್ತು. ಮುಂದಿನದು ಅತ್ತಿಗೆ ಎಂದು ನನಗೆ ಗೊತ್ತಿತ್ತು, ಆದರೂ ನಾನು ಮರದ ಬೊಡ್ಡೆ ಬಿಟ್ಟು ಕದಲಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಅಣ್ಣನ ಬೈಗುಳ ಕೇಳಿಸಿತು. ಹಳ್ಳದಿಂದ ಓಡಿ ಬರುತ್ತಿದ್ದ. ಮನೆಯಲ್ಲಿ ಅತ್ತಿಗೆಗೆ ಬೈಯುತ್ತಿದ್ದ ಅದೇ ಮಾತುಗಳನ್ನು, ಒಂದೂ ಬಿಡದೆ, ಆನೆಗೆ ಬೈಯುತ್ತಿದ್ದ. ಅವನಿಗೆ ಬೇರೆ ಬೈಗುಳ ಬರುತ್ತಿರಲಿಲ್ಲ. ನೇರವಾಗಿ ಗುಡ್ಡೆಯ ಹತ್ತಿರ ಬಂದು ಅಮ್ಮನ ಕಲ್ಲುಗಳನ್ನೇ ಬಾಚಿ ಬೀಸತೊಡಗಿದ. ನಮ್ಮ ಅಜ್ಜಿ, ಅವರಜ್ಜಿ ಹಾಕಿದ ಕಲ್ಲುಗಳು. ಒಂದು ಹಣೆಗೆ, ಒಂದು ಸೊಂಡಿಲಿನ ಬುಡಕ್ಕೆ, ಒಂದು ಕಣ್ಣಿನ ಪಕ್ಕಕ್ಕೆ. ಒಂದೂ ಗುರಿ ತಪ್ಪಲಿಲ್ಲ. ಆನೆ ಅತ್ತಿಗೆಯನ್ನು ಬಿಟ್ಟು ಅವನತ್ತ ತಿರುಗಿತು. ಅವನು ಓಡಲಿಲ್ಲ. ಅತ್ತಿಗೆಯಿಂದ ದೂರಕ್ಕೆ ಎರಡು ಹೆಜ್ಜೆ ಸರಿದು ಮತ್ತೊಂದು ಕಲ್ಲು ಎತ್ತಿದ.

ಸೊಂಡಿಲು ಅವನ ಭುಜಕ್ಕೆ ಬಡಿಯಿತು. ಅವನು ಹಾರಿ ಬಿದಿರಿನ ಮೇಲೆ ಬಿದ್ದ. ಸೀಳಿದ ಬಿದಿರು ತೋಳಿನ ಮಾಂಸವನ್ನು ಬಗೆಯಿತು. ಆನೆ ಮಂಡಿಯೂರಿ ದಂತ ಹಾಕಿತು. ದಂತ ಅವನ ಪಕ್ಕೆ ಸವರಿ ಮಣ್ಣಿಗೆ ಇಳಿಯಿತು. ಆಗ ನನಗೆ ಕೈಕಾಲು ಬಂದವು. ಬುತ್ತಿ ತಂದಿದ್ದ ಸ್ಟೀಲ್ ಕ್ಯಾರಿಯರನ್ನು ಕಲ್ಲಿಗೆ ಬಡಿಯುತ್ತಾ ಕಿರುಚಿದೆ. ಅತ್ತಿಗೆಯೂ ಬಿದ್ದಲ್ಲಿಂದಲೇ ಕಲ್ಲೆಸೆದರು. ಆನೆ ಎದ್ದಿತು, ತಲೆ ಕೊಡವಿತು, ನಮ್ಮ ಮೂವರನ್ನೂ ಒಂದು ಸಲ ನೋಡಿ ಮೆಳೆಯೊಳಕ್ಕೆ ನುಗ್ಗಿ ಹೋಯಿತು. ಬಿದಿರು ಮುರಿಯುವ ಸದ್ದು ದೂರದವರೆಗೂ ಕೇಳಿಸುತ್ತಿತ್ತು.

ಅಣ್ಣನ ಭುಜ ಕೀಲು ಕಳಚಿತ್ತು. ಪಕ್ಕೆಲುಬು ಮುರಿದಿತ್ತು, ತೋಳಿನಿಂದ ರಕ್ತ ಸುರಿಯುತ್ತಿತ್ತು. ಅವನ ಟವೆಲಿನಿಂದ ಬಿಗಿದು ಕಟ್ಟಿದೆ. ಅತ್ತಿಗೆ ಹರಿದ ಸೀರೆಯ ಉಳಿದ ಭಾಗ ಸುತ್ತಿಕೊಂಡು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಅವನು ನನ್ನ ಅಣ್ಣ. ಆ ಗಳಿಗೆಯಲ್ಲಿ ಅವನ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು. ಒನಕೆಯಲ್ಲಿ ಹೊಡೆದದ್ದೂ, ನಾಯಿಗಿಂತ ಕಡೆ ಎಂದದ್ದೂ ಎಲ್ಲ ಮರೆತುಹೋಗಿ ಅತ್ತುಬಿಟ್ಟೆ.

ಬಂದ ದಾರಿಯೇ ಹತ್ತಿರ, ಹಾಗೇ ಹೋಗೋಣ ಎಂದೆ. ಅವನು ಒಪ್ಪಲಿಲ್ಲ. "ಓದ ದಾರೀಲಿ ತಿರುಗ್ಬಾರ್ದು" ಎಂದ. ಅಮ್ಮನ ಗುಡ್ಡೆಯನ್ನು ಚೆಲ್ಲಾಪಿಲ್ಲಿ ಮಾಡಿದವನಿಗೆ ಆ ಕಟ್ಟು ಮಾತ್ರ ಮೀರಲು ಭಯ. ಹೀಗಾಗಿ ಬಂಡೆಯ ಕಡೆಯಿಂದಲೇ ಸುತ್ತಿ ಹೊರಟೆವು. ಅವನ ಭಾರವೆಲ್ಲ ಅತ್ತಿಗೆಯ ಹೆಗಲ ಮೇಲೆ. ಅವರೋ ಅವನೇ ಹೊಡೆದ ಕಾಲನ್ನು ಎಳೆದುಕೊಂಡು ನಡೆಯುತ್ತಿದ್ದರು. ಬಂಡೆಯ ಬದಿಗೆ ತೂಗಿದ್ದ ಹೆಜ್ಜೇನಿಗೆ ಕೇಳಿಸೀತೆಂದು ಮೂವರೂ ಉಸಿರು ಬಿಗಿಹಿಡಿದು ದಾಟಿದೆವು.

ಬಂಡೆ ಇಳಿಯುವಾಗ ಅತ್ತಿಗೆಯ ಕಾಲು ಜಾರಿತು. ಅವನ ಕಳಚಿದ ಭುಜ ಎಳೆಯಿತು. ನೋವಿಗೆ ಅವನು ಹೋ ಎಂದ. ಹೋ ಎನ್ನುತ್ತಲೇ, ಸರಿಯಿದ್ದ ಇನ್ನೊಂದು ಕೈಯಿಂದ ಅವರ ಕೆನ್ನೆಗೆ ಹೊಡೆದ. "ಕಣ್ ಕಾಣಾಕಿಲ್ವೇನೇ ನಿಂಗೆ?"

ಯೋಚನೆ ಮಾಡಿ ಹೊಡೆದದ್ದಲ್ಲ. ಸೊಳ್ಳೆ ಹೊಡೆದಷ್ಟು ಸಲೀಸಾಗಿತ್ತು. ಹೊಡೆದದ್ದು ಅವನ ಗಮನಕ್ಕೆ ಬಂದ ಹಾಗೂ ಕಾಣಲಿಲ್ಲ. ಮತ್ತೆ ಅದೇ ಹೆಗಲ ಮೇಲೆ ಕೈ ಹಾಕಲು ಹೋದ. ನಾನು ಅವನಿಗೊಂದು ಬಿಟ್ಟೆ, ಪಕ್ಕೆಲುಬು ಮುರಿದ ಗಾಯಾಳು ಎನ್ನುವುದನ್ನೂ ನೋಡದೆ, ಕೈ ಉರಿಯುವಷ್ಟು ಜೋರಾಗಿ. ಅವನು ಬೆಪ್ಪಾಗಿ ನನ್ನನ್ನು ನೋಡಿದ. ಅತ್ತಿಗೆ ನಮ್ಮಿಬ್ಬರನ್ನೂ ನೋಡಲಿಲ್ಲ. "ನಡೀರಿ, ರಕ್ತ ಓಯ್ತಾ ಅದೆ" ಎಂದು ಅವನ ಕೈಯನ್ನು ತಾವೇ ತೆಗೆದು ಹೆಗಲಿಗೆ ಹಾಕಿಕೊಂಡರು.

ಹೊಲದ ಹತ್ತಿರ ಒಂದು ಲಗೇಜ್ ಆಟೊ ಸಿಕ್ಕಿತು. ಹನೂರಿನ ಆಸ್ಪತ್ರೆಯಲ್ಲಿ ಭುಜ ಕೂರಿಸಿ, ತೋಳು ಹೊಲಿದು, ಪಕ್ಕೆಗೆ ಪಟ್ಟಿ ಸುತ್ತಿದರು. ಹೊರಗೆ ಬರುವಷ್ಟರಲ್ಲಿ ಸುದ್ದಿ ಬಂಡಳ್ಳಿಗೆ ಮುಟ್ಟಿ ಊರಿನವರು ಜೀಪು ತಂದಿದ್ದರು. ಒಬ್ಬೊಬ್ಬರ ಬಾಯಲ್ಲೂ ಆನೆ ಒಂದೊಂದು ಮೊಳ ಬೆಳೆಯುತ್ತಿತ್ತು. "ಗಂಡ ಅಂದ್ರೆ ಇಂಗಿರ್ಬೇಕು ಕಣ್ರಿ" ಎಂದರು. ನಮ್ಮ ದೊಡ್ಡಪ್ಪನ ಮಗ ಅತ್ತಿಗೆಗೆ ಕೈಮುಗಿದು, "ಪುಣ್ಯ ಮಾಡಿದ್ದೆ ಕಣತ್ತಿಗೆ, ಇಂಥೋನ್ ಸಿಗಕ್ಕೆ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅತ್ತಿಗೆ ಜೀವಂತ ಇದ್ದದ್ದೇ ಅಣ್ಣನಿಂದ. ಅತ್ತಿಗೆ ಇನ್ನು ಮಾಂಬಳ್ಳಿಗೆ ಬರಲಾರರು ಎಂದುಕೊಂಡೆ. ಬಾ ಎನ್ನಲು ನನಗೂ ಬಾಯಿ ಬರಲಿಲ್ಲ.

ಜೀಪು ಬಸ್ ಸ್ಟ್ಯಾಂಡಿನ ಮುಂದೆಯೇ ನಿಂತಿತ್ತು. ಅಣ್ಣನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಎಲ್ಲರೂ ಹತ್ತಿದರು. ಅತ್ತಿಗೆ ಮಾತ್ರೆಯ ಪೊಟ್ಟಣವನ್ನು ದೊಡ್ಡಪ್ಪನ ಮಗನ ಕೈಗೆ ಕೊಟ್ಟು, ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಹೇಳಿದರು. ಆಮೇಲೆ ಕುಂಟುತ್ತ ಬಂದು ಕೊಳ್ಳೇಗಾಲದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತರು. ನಾನು ಹಿಂದೆಯೇ ಹತ್ತಿ ಅವರ ಪಕ್ಕ ಕುಳಿತೆ.

ಅಣ್ಣ ಇಳಿದು ಬಂದ. ಕೈ ಕುತ್ತಿಗೆಗೆ ತೂಗುಹಾಕಿತ್ತು, ಮುಖ ಬಿಳಿಚಿಕೊಂಡಿತ್ತು. ಸುತ್ತ ಊರಿನವರು. ಕಿಟಕಿಯ ಕಂಬಿ ಹಿಡಿದು, "ಇಳಿಯೇ, ಮನೆಗೆ ಓಗವ" ಎಂದ. ಬೈಯಲಿಲ್ಲ. ಅತ್ತಿಗೆಯೊಂದಿಗೆ ಅವನ ಬಾಯಲ್ಲಿ ಅಷ್ಟು ಮೆತ್ತಗಿನ ಮಾತು ನಾನು ಕೇಳಿದ್ದು ಅದೇ ಮೊದಲು.

"ನಾನ್ ಬರಲ್ಲ."

"ಆನೆ ಮುಂದೆ ನಿಂತ್ಕಂಡೆ ಕಣೇ ನಿನಗೋಸ್ಕರ. ನೀನೇ ನೋಡ್ದಲ್ಲ."

ಕಂಡಕ್ಟರ್ ಸೀಟಿ ಊದಿದ. ಅತ್ತಿಗೆ ಅವನ ಮುಖವನ್ನೇ ನೋಡುತ್ತಾ, ದನಿ ಏರಿಸದೆ, ನನಗೂ ಅವನಿಗೂ ಮಾತ್ರ ಕೇಳಿಸುವಷ್ಟರಲ್ಲಿ ಹೇಳಿದರು:

"ನಿಂತ್ಕಂಡ್ರಿ. ಇಲ್ಲ ಅನ್ನಲ್ಲ, ಸಾಯೋಗಂಟ ಮರೆಯಲ್ಲ. ಆನೆ ಒಂದ್ ದಿನ ಬಂದಿತ್ತು ಕಣ್ರಿ. ನೀವು ದಿನಾ ಬತ್ತೀರಿ."

ಅಣ್ಣ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದ. ಅವನನ್ನು ನೋಡಿ ನನಗೆ ಸಂಕಟವಾಯಿತು, ಅವನು ಒಡಹುಟ್ಟಿದವನು. ಆದರೂ ನಾನು ಏಳಲಿಲ್ಲ. ಬಸ್ಸು ಹೊರಟಿತು, ಅವನು ಕಂಬಿ ಬಿಟ್ಟ.